ಪೆಟ್ಟಿಗೆಯಲ್ಲಿ ಕಾಯಿ ಕಡಿಮೆಯಿದ್ದರೆ

(ಬಾನುಲಿ ಭಾಷಣ)

ನಮ್ಮ ಬಡಾವಣೆಯಲ್ಲಿದ್ದ ಕ್ರೀಡಾಸಾಮಗ್ರಿಯ ಅಂಗಡಿಯೊಂದನ್ನು ಈ ಬೇಸಿಗೆಯಲ್ಲಿ ಮುಚ್ಚಿದರು. ಮುಚ್ಚುವುದಕ್ಕೆ ಹದಿನೈದು ದಿನ ಮೊದಲು ಬಾಗಿಲ ಮೇಲೆ ಕೆಂಪು ಬಟ್ಟೆಯ ಫಲಕವೊಂದು ಕಾಣಿಸಿಕೊಂಡಿತು: ಇರುವ ಸರಕೆಲ್ಲವೂ ಅರ್ಧ ಬೆಲೆಗೆ. ಜನ ಬ್ಯಾಟು, ಚೆಂಡು, ಬೂಟುಗಳ ಕಡೆಗೆ ನುಗ್ಗಿದರು. ಒಳಗಿನ ಮೂಲೆಯಲ್ಲಿ, ಕುಳಿತು ಆಡುವ ಆಟಗಳ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದ ಕಡೆಗೆ ಹೋದವರು ವಿರಳ. ಆ ವಿರಳರಲ್ಲಿ ನಾನೊಬ್ಬ.

ಹೋದುದಕ್ಕೆ ಕಾರಣವಿತ್ತು. ನನ್ನ ತಾಯಿಗೆ ಈಗ 83 ವರ್ಷ. ಮಂಡಿಯ ನೋವಿನಿಂದಾಗಿ ಅವರು ನೆಲದ ಮೇಲೆ ಕೂರಲಾರರು. ನಮ್ಮ ಹಳೆಯ ಆಟಗಳಾದರೋ ಬಹುಮಟ್ಟಿಗೆ ನೆಲದ ಆಟಗಳು. ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಚೌಕಾಬಾರ, ಜಮಖಾನದ ಮೇಲೆ ಹಾಸು ಬಿಚ್ಚಿದರೆ ಪಗಡೆ, ಎರಡು ಕಾಲುಗಳ ನಡುವೆ ಮಣೆಯನ್ನು ಎಳೆದುಕೊಂಡರೆ ಅಳಗುಳಿಮನೆ. ಮೇಜು ನಮ್ಮ ಮನೆಗಳಿಗೆ ತಡವಾಗಿ ಬಂದ ಅತಿಥಿ. ಬಂದಮೇಲೂ ಅದರ ಮೇಲೆ ಪುಸ್ತಕ, ಔಷಧಿಯ ಶೀಷೆ, ಮಡಿಸದ ಬಟ್ಟೆ ಇವಕ್ಕೆ ಜಾಗ ದೊರೆಯಿತೇ ಹೊರತು ಆಟಕ್ಕಲ್ಲ. ನೆಲ ಬಿಟ್ಟು ಕುರ್ಚಿಗೇರಿದ ಮೇಲೆ ಅಮ್ಮ ಆಟವನ್ನೂ ಬಿಟ್ಟರು. ರಜೆಗೆ ಬಂದ ನನ್ನ ಮೊಮ್ಮಗನಿಗೆ ಹತ್ತು ವರ್ಷ. ಅವನು ಮೊಬೈಲು ಹಿಡಿದು ಒಂದು ಮೂಲೆಯಲ್ಲಿ, ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಒಂದೇ ಕೋಣೆಯಲ್ಲಿ ಇಬ್ಬರೂ ಒಂಟಿ. ಇವರಿಬ್ಬರನ್ನು ಒಂದು ಮೇಜಿಗೆ ತರಬಲ್ಲ ವಸ್ತು ಅಗ್ಗದಲ್ಲಿ ದೊರೆತೀತೆ ಎಂದು ನೋಡಲು ಹೋದೆ. ಅಲ್ಲಿ ಕಳೆದ ಎರಡು ಗಂಟೆಗಳಲ್ಲಿ ನೆನಪಿಗೆ ಬಂದುದನ್ನೂ, ಹಿಂದೆ ಮೋಸಹೋಗಿ ಕಲಿತುದನ್ನೂ ತಮ್ಮ ಮುಂದಿಡುತ್ತಿದ್ದೇನೆ.

ಬೆಲೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ಸುಲಭದ ಭಾಗ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗರಿಷ್ಠ ಚಿಲ್ಲರೆ ಬೆಲೆ ಮೀರಬಾರದ ಮಿತಿಯೇ ಹೊರತು ಎಲ್ಲರೂ ಕೊಡುವ ಬೆಲೆಯಲ್ಲ. 1,999 ರೂಪಾಯಿ ಎಂದು ಅಚ್ಚಾಗಿರುವ ಆಟವನ್ನು ಅಂಗಡಿಯವರು ಮಾಮೂಲು ದಿನಗಳಲ್ಲೇ 1,500ಕ್ಕೆ ಮಾರುತ್ತಿದ್ದರು ಎಂದಿಟ್ಟುಕೊಳ್ಳಿ. ಶೇಕಡಾ 40 ರಿಯಾಯಿತಿ ಎಂದರೆ ಸುಮಾರು 1,200 ರೂಪಾಯಿ. ಉಳಿದದ್ದು 800 ಎಂದು ಹಿಗ್ಗುತ್ತೇವೆ. ನಿಜವಾಗಿ ಉಳಿದದ್ದು 300. ಅಂಗಡಿಯವರು ಸುಳ್ಳು ಹೇಳಿಲ್ಲ, ನಾವೇ ತಪ್ಪು ಸಂಖ್ಯೆಯಿಂದ ಕಳೆದಿದ್ದೇವೆ.

ಕಠಿಣವಾದ ಪ್ರಶ್ನೆ ಇದು: ಈ ಪೆಟ್ಟಿಗೆ ಅಗ್ಗವಾದದ್ದೇಕೆ? ಮೂಲೆ ಜಜ್ಜಿರಬಹುದು, ಬಿಸಿಲಿಗೆ ಬಣ್ಣ ಹೋಗಿರಬಹುದು, ಹೊಸ ಮುದ್ರಣ ಬಂದು ಇದು ಹಳತಾಗಿರಬಹುದು. ಇವೆಲ್ಲ ನಮಗೆ ಲಾಭದ ಕಾರಣಗಳು. ಆದರೆ ಒಳಗೆ ಏನೋ ಕಡಿಮೆಯಿದ್ದರೆ? ಎಲ್ಲ ಆಟಗಳಲ್ಲೂ ಕೊರತೆ ಒಂದೇ ಬಗೆಯದಲ್ಲ.

ಆಟಗಳಲ್ಲಿ ಕೆಲವು ತೆರೆದ ಆಟಗಳು, ಕೆಲವು ಮುಚ್ಚಿದ ಆಟಗಳು. ಹೆಸರು ನಾನು ಇಟ್ಟುಕೊಂಡದ್ದು. ಚದುರಂಗದಲ್ಲಿ ಎಲ್ಲವೂ ಇಬ್ಬರ ಕಣ್ಣೆದುರಿಗೇ ಇರುತ್ತದೆ. 32 ಕಾಯಿಗಳಲ್ಲಿ ಒಂದು ಕಾಲಾಳು ಕಳೆದುಹೋದರೆ ಅದರ ಮನೆಯಲ್ಲಿ ಅಂಗಿಯ ಗುಂಡಿಯನ್ನಿಟ್ಟು ಆಡಬಹುದು. ಅದು ಕಾಲಾಳು ಎಂದು ಇಬ್ಬರೂ ಒಪ್ಪಿದರಾಯಿತು. ಇಸ್ಪೀಟಿನಲ್ಲಿ ಹಾಗಲ್ಲ. ನನ್ನ ಕೈಯಲ್ಲಿರುವ ಎಲೆ ತಮಗೆ ಕಾಣಬಾರದು. 52 ಎಲೆಗಳ ಬೆನ್ನೂ ಒಂದೇ ಸಮನಾಗಿರಬೇಕು. ಕಳೆದುಹೋದ ಎಲೆಯ ಬದಲಿಗೆ ರಟ್ಟಿನ ತುಂಡಿನ ಮೇಲೆ ‘ಆಟೀನ್ ರಾಣಿ’ ಎಂದು ಬರೆದುಕೊಂಡರೆ ಆ ರಾಣಿ ಯಾರ ಕೈಯಲ್ಲಿದ್ದಾಳೆಂಬುದು ಇಡೀ ಸಭೆಗೆ ತಿಳಿಯುತ್ತದೆ. ತೆರೆದ ಆಟದಲ್ಲಿ ಕಾಯಿ ಒಂದು ಗುರುತು ಮಾತ್ರ. ಮುಚ್ಚಿದ ಆಟದಲ್ಲಿ ಅದು ಒಂದು ಗುಟ್ಟು, ಗುಟ್ಟಿಗೆ ತೇಪೆ ಹಾಕಲಾಗದು.

ಇದನ್ನು ನಾನು ತಿಳಿದದ್ದು ದಂಡ ತೆತ್ತು. ಬಹಳ ವರ್ಷಗಳ ಹಿಂದೆ ಬೇರೆ ಊರಿನ ಒಂದು ಅಂಗಡಿಯ ಮಾರಾಟದಲ್ಲಿ ಸ್ಕ್ರ್ಯಾಬಲ್ ಎಂಬ ಇಂಗ್ಲಿಷ್ ಪದಗಳ ಆಟವನ್ನು ಅರ್ಧ ಬೆಲೆಗೆ ತಂದೆ. ಅದರ ಹುಟ್ಟೇ ಎಣಿಕೆಯಿಂದ ಆದದ್ದು. ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದಕ್ಕೆ ತಕ್ಕಂತೆ ಬಿಲ್ಲೆಗಳ ಸಂಖ್ಯೆಯನ್ನು ಗೊತ್ತುಮಾಡಿದ. ‘ಇ’ ಅಕ್ಷರಕ್ಕೆ 12 ಬಿಲ್ಲೆ, ‘ಕ್ಯೂ’ ಮತ್ತು ‘ಝಡ್’ಗೆ ಒಂದೊಂದು, ಏನೂ ಬರೆಯದ ಖಾಲಿ ಬಿಲ್ಲೆ ಎರಡು, ಒಟ್ಟು 100. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ. ಇಷ್ಟು ಎಣಿಸಿ ಮಾಡಿದ ಆಟವನ್ನು ಎಣಿಸದೆ ಕೊಂಡವನು ನಾನು. ಮನೆಗೆ ಬಂದು ನೋಡಿದರೆ 98. ಹೋದದ್ದು ಒಂದು ‘ಎಸ್’, ಒಂದು ಖಾಲಿ ಬಿಲ್ಲೆ. ಆಡುವವರಿಗೆ ಗೊತ್ತು, ಇವೆರಡಕ್ಕಿಂತ ಬೇಕಾದದ್ದು ಆ ಚೀಲದಲ್ಲಿ ಮತ್ತೊಂದಿಲ್ಲ. ಮರದ ಚೂರನ್ನು ಉಜ್ಜಿ ನಾನೇ ಎರಡು ಬಿಲ್ಲೆಗಳನ್ನು ಮಾಡಿದೆ. ಅಳತೆ ಸರಿಯಾಗಿಯೇ ಇತ್ತು. ಆದರೆ ಮೂರು ಆಟಗಳೊಳಗಾಗಿ ನನ್ನ ಮಗಳು ಚೀಲದೊಳಗೆ ಬೆರಳಾಡಿಸಿ ಒರಟು ಬಿಲ್ಲೆ ಯಾವುದೆಂದು ಹಿಡಿಯುವುದನ್ನು ಕಲಿತಳು. ಆಮೇಲೆ ಖಾಲಿ ಬಿಲ್ಲೆ ಯಾವಾಗಲೂ ಅವಳದೇ. ಅವಳನ್ನು ಬಯ್ಯುವಂತಿರಲಿಲ್ಲ; ಬೆರಳಿಗೆ ತಿಳಿದದ್ದನ್ನು ತಿಳಿಯದಂತೆ ಮಾಡುವುದು ಯಾರಿಂದ ಸಾಧ್ಯ?

ನಮ್ಮ ಗಂಜೀಫವೂ ಈ ಮುಚ್ಚಿದ ಜಾತಿಯದೇ. ದಶಾವತಾರದ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮುನ್ನೂರಕ್ಕೂ ಮಿಕ್ಕ ಎಲೆಗಳ ಕಟ್ಟುಗಳನ್ನೂ ಯೋಜಿಸಿದ್ದರು. ಅಂಥ ಹಳೆಯ ಕಟ್ಟಿನಲ್ಲಿ ಒಂದೆಲೆ ಹೋದರೆ ಮುಖವನ್ನು ಬರೆಯಬಲ್ಲ ಚಿತ್ರಗಾರ ಸಿಕ್ಕಾನು. ಬೆನ್ನಿನ ಸವೆತವನ್ನು ಬರೆಯಬಲ್ಲವನು ಸಿಗುವುದು ಕಷ್ಟ. ಗೋಡೆಗೆ ತೂಗುಹಾಕುವವರಿಗೆ ಅದರಿಂದ ಬಾಧಕವಿಲ್ಲ. ಆಡುವವರಿಗೆ ಇದೆ.

ಈಗಿನ ಹುಡುಗರು ಇಷ್ಟಪಡುವ ವಿದೇಶೀ ಆಟಗಳಲ್ಲಿ ತೆರೆದದ್ದೂ ಮುಚ್ಚಿದ್ದೂ ಬೆರೆತಿರುತ್ತದೆ. 1995ರಲ್ಲಿ ಜರ್ಮನಿಯ ಕ್ಲಾಸ್ ಟ್ಯೂಬರ್ ಹೊರತಂದ ಕಟಾನ್ ಎಂಬ ಆಟವನ್ನೇ ನೋಡಿ. ಅದರ ಭೂಮಿ ಹತ್ತೊಂಬತ್ತು ಷಟ್ಕೋನಗಳದು. ಒಂದು ಹೋದರೆ ರಟ್ಟಿನಲ್ಲಿ ಕತ್ತರಿಸಿಕೊಳ್ಳಬಹುದು. ಗುಪ್ತವಾಗಿ ಹಿಡಿಯುವ 25 ಎಲೆಗಳಲ್ಲಿ ಒಂದು ಹೋದರೆ ಹಾಗೆ ಮಾಡಲಾಗದು. ಇಂಥ ಆಟಗಳಲ್ಲಿ ಯಾವ ಸಾಮಾನು ಎಷ್ಟಿರಬೇಕೆಂಬ ಪಟ್ಟಿ ನಿಯಮಪುಸ್ತಕದಲ್ಲಿ ಸಾಮಾನ್ಯವಾಗಿ ಇರುತ್ತದೆ. ಪೆಟ್ಟಿಗೆ ಒಮ್ಮೆ ತೆರೆದದ್ದಾಗಿದ್ದರೆ ಅಂಗಡಿಯಲ್ಲೇ ಎಣಿಸಬೇಕು, ಮೊದಲು ಎಲೆಗಳನ್ನು, ಆಮೇಲೆ ಮಿಕ್ಕದ್ದನ್ನು. ಎಣಿಸುವಾಗ ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಈ ಎರಡಕ್ಕೂ ಸೇರದ ಆಟವೊಂದಿದೆ, ಕೇರಂ. ಅಲ್ಲಿ ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ಕೆಂಪು, ಹೀಗೆ 19 ಕಾಯಿ ಇವೆಯೆ ಎಂದು ಎಣಿಸಿ ತೃಪ್ತಿಪಡುವವನು ಪೆದ್ದ. ಕಾಯಿ ಬೇರೆ ಸಿಗುತ್ತವೆ. ಹಲಗೆಯ ಸಮತಳ ಸಿಗುವುದಿಲ್ಲ. ಅಂಗಡಿಗಳಲ್ಲಿ ಹಲಗೆಗಳನ್ನು ಗೋಡೆಗೆ ಒರಗಿಸಿ ಇಡುತ್ತಾರೆ. ಎರಡು ಮಳೆಗಾಲ ಹಾಗೆ ನಿಂತ ತೆಳುವಾದ ಹಲಗೆ ಹೊಟ್ಟೆ ಬಿಡದೆ ಇರುವುದು ಅಪರೂಪ. ಪರೀಕ್ಷೆಗೆ ಒಂದು ದಾರ ಸಾಕು: ಮೂಲೆಯಿಂದ ಮೂಲೆಗೆ ಹಲಗೆಗೆ ತಾಗುವಂತೆ ಬಿಗಿಯಾಗಿ ಹಿಡಿಯಿರಿ, ನಡುವೆ ಬೆಳಕು ಕಂಡರೆ ಹಲಗೆ ತಗ್ಗಿದೆ, ದಾರ ನಡುವೆ ಮಾತ್ರ ತಾಗಿದರೆ ಉಬ್ಬಿದೆ. ಪಂದ್ಯದ ಹಲಗೆಯ ಆಡುವ ಭಾಗ ಸುಮಾರು 74 ಸೆಂಟಿಮೀಟರಿನ ಚೌಕ. ಅದಕ್ಕಿಂತ ಚಿಕ್ಕದು ಮಕ್ಕಳಿಗಾದೀತು. ಬಾಗಿದ್ದು ಯಾರಿಗೂ ಆಗದು. ನಾನು ಹೋದ ಅಂಗಡಿಯಲ್ಲಿ ಐದು ಹಲಗೆಗಳಿದ್ದವು. ಐದಕ್ಕೂ ದಾರ ಹಿಡಿದೆ. ಐದೂ ಬಾಗಿದ್ದವು.

ಚದುರಂಗದ ಜೋಡಿಯನ್ನು ನೋಡುವಾಗ ಕುದುರೆಯ ಮುಖ ನೋಡಬೇಕು. ಮರದ ಜೋಡಿಯಲ್ಲಿ ಮಿಕ್ಕ ಕಾಯಿಗಳನ್ನು ಬಹುಮಟ್ಟಿಗೆ ಕಡಚಲು ಯಂತ್ರದಲ್ಲಿ ತಿರುಗಿಸಿ ತೆಗೆಯಬಹುದು. ಕುದುರೆಯ ತಲೆಯನ್ನು ಕೆತ್ತಲೇಬೇಕು. ಕೆಲಸಗಾರನ ಕೈ ಎಂಥದೆಂಬುದು ಅಲ್ಲಿ ತಿಳಿಯುತ್ತದೆ. ಕಾಯಿಗೂ ಮಣೆಗೂ ಹೊಂದಿಕೆಯಿದೆಯೆ ಎಂದು ನೋಡಲು, ಒಂದು ಮನೆಯಲ್ಲಿ ನಾಲ್ಕು ಕಾಲಾಳುಗಳನ್ನು ಒತ್ತೊತ್ತಾಗಿ ನಿಲ್ಲಿಸಿ. ಹಿಡಿಸದಿದ್ದರೆ ಮಣೆ ಚಿಕ್ಕದು. ರಾಜನ ಎತ್ತರ ಸುಮಾರು 9.5 ಸೆಂಟಿಮೀಟರು ಇದ್ದರೆ ಅದು ಪಂದ್ಯದ ಅಳತೆ. ನಾನು ನೋಡಿದ ಜೋಡಿ ಚೆನ್ನಾಗಿತ್ತು, ಬೆಲೆಯೂ ಇಳಿದಿತ್ತು. ಆದರೆ ಅಮ್ಮನಿಗೆ ಚದುರಂಗ ಬಾರದು. ಆಡುವವರಿಲ್ಲದ ಆಟವನ್ನು ಕಾಲು ಬೆಲೆಗೆ ಕೊಂಡರೂ ದುಬಾರಿಯೇ. ನನ್ನ ಅಟ್ಟದ ಮೇಲೆ ಇದಕ್ಕೆ ಸಾಕ್ಷಿಗಳಿವೆ.

ಒಂದು ಅಳಗುಳಿಮನೆಯೂ ಇತ್ತು. ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿ. ಕರಾವಳಿಯಲ್ಲಿ ಇದೇ ಚೆನ್ನೆಮಣೆ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ಅಲ್ಲಿ ಇದನ್ನು ಆಡುವ ವಾಡಿಕೆ. ಅಲಂಕಾರಕ್ಕಾಗಿ ಮಾಡಿದ ಮಣೆಗಳಲ್ಲಿ ಗುಳಿ ಆಳವಿರುವುದಿಲ್ಲ, ಹತ್ತು ಕಾಳು ಕೂಡಿದರೆ ಚೆಲ್ಲುತ್ತವೆ; ಇದೂ ಅಂಥದೇ. ಜೊತೆಗೆ ಕೊಟ್ಟಿದ್ದ ಕಾಳು ಗುಲಗಂಜಿ. ನೋಡಲು ಸೊಗಸು, ಆದರೆ ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಚಿಕ್ಕ ಮಕ್ಕಳಿರುವ ಮನೆಯವರು ಇಂಥ ಮಣೆ ಕೊಂಡರೆ ಮೊದಲು ಆ ಕಾಳನ್ನು ತೆಗೆದುಹಾಕಿ ಹುಣಿಸೆ ಬೀಜ ತುಂಬಿರಿ.

ಎಲ್ಲಕ್ಕಿಂತ ಕೆಳಗೆ, ಹರಿದ ಪೆಟ್ಟಿಗೆಯಲ್ಲಿ, ಚೌಕಾಬಾರದ ಮರದ ಮಣೆಯೊಂದು ಸಿಕ್ಕಿತು. ಐದೈದರ ಇಪ್ಪತ್ತೈದು ಮನೆ, ಕಟ್ಟೆಗಳಿಗೆ ಕೆಂಪು ಬಣ್ಣ, ಸಮನಾದ ಹಲಗೆ. ಬೆಲೆ 850 ಎಂದು ಅಚ್ಚಾಗಿತ್ತು.

“ಅದ್ರಲ್ಲಿ ಕಾಯಿನೂ ಇಲ್ಲ, ಕವಡೆನೂ ಇಲ್ಲ ಮೇಷ್ಟ್ರೆ,” ಎಂದರು ಅಂಗಡಿಯವರು. “ಯಾರೂ ತಗೊಳ್ಳೋಲ್ಲ. ನೂರು ರೂಪಾಯಿ ಕೊಟ್ಬಿಡಿ.”

ಚೌಕಾಬಾರಕ್ಕಿಂತ ತೆರೆದ ಆಟ ಇನ್ನಾವುದಿದೆ? ಅದರಲ್ಲಿ ಕಾಣೆಯಾದುದೆಲ್ಲ ನಮ್ಮ ಅಡುಗೆಮನೆಯಲ್ಲಿತ್ತು. ಅವರಿಗೆ ಬೆಲೆ ಕಳೆದದ್ದಾಗಿ ಕಂಡ ವಸ್ತು ನನಗೆ ಇಡಿಯಾಗಿ ಕಂಡಿತು. ಇನ್ನೂರು ಕೊಡಲೆ ಎಂದು ಒಂದು ಕ್ಷಣ ಯೋಚಿಸಿದೆ, ಕೊಟ್ಟದ್ದು ನೂರನ್ನೇ. ಹನ್ನೆರಡು ವರ್ಷಗಳಲ್ಲಿ ಅವರ ಅಂಗಡಿಯಲ್ಲಿ ನಾನು ಕೊಂಡದ್ದು ಎರಡು ಕಟ್ಟು ಇಸ್ಪೀಟು, ಒಂದು ಡಬ್ಬಿ ಷಟಲ್ ಎಂಬುದು ರಸ್ತೆಗೆ ಬಂದಮೇಲೆ ನೆನಪಾಯಿತು. ಊರಿನ ಅಂಗಡಿಗಳು ಉಳಿಯಬೇಕು ಎಂದು ಮಾತನಾಡುವವರಲ್ಲಿ ನಾನೂ ಒಬ್ಬ.

ಮಣೆಯನ್ನು ನೋಡಿ ಅಮ್ಮ ಏನೂ ಹೇಳಲಿಲ್ಲ. ಮೇಜಿನ ಮೇಲಿದ್ದ ಔಷಧಿಗಳನ್ನು ತೆಗೆಯಲು ಹೇಳಿ, ನಾಲ್ಕು ಹುಣಿಸೆ ಬೀಜಗಳನ್ನು ತರಿಸಿಕೊಂಡು, ಹುಡುಗನ ಕೈಯಲ್ಲಿ ಹಿತ್ತಿಲಿನ ಕಲ್ಲಿಗೆ ಅವುಗಳ ಒಂದೊಂದು ಮುಖವನ್ನು ಬೆಳ್ಳಗಾಗುವ ತನಕ ಉಜ್ಜಿಸಿದರು. ಎಷ್ಟು ಬಿಳಿ ಮೇಲೆ ಬಿದ್ದವೋ ಅಷ್ಟು ನಡೆ. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಎಂದರೆ ಎಂಟು. ಚೌಕ, ಬಾರ ಬಿದ್ದವರಿಗೆ ಮತ್ತೊಂದು ಎಸೆತ. ಬೀಜದ ಎರಡು ಮುಖಗಳೂ ಸಮವಾಗಿ ಬೀಳುತ್ತವೆಂದಾದರೆ ಹದಿನಾರು ಎಸೆತಕ್ಕೆ ಆರು ಸಲ ಎರಡು, ನಾಲ್ಕು ಸಲ ಒಂದು, ನಾಲ್ಕು ಸಲ ಮೂರು. ಚೌಕ ಒಮ್ಮೆ, ಬಾರ ಒಮ್ಮೆ. ಈ ಲೆಕ್ಕವನ್ನು ನಾನು ಹುಡುಗನಿಗೆ ಕಾಗದದ ಮೇಲೆ ತೋರಿಸುತ್ತಿರುವಾಗಲೇ ಅಮ್ಮ ತಮ್ಮ ಕಾಯಿಗಳೆಂದು ನಾಲ್ಕು ಬಳೆಚೂರುಗಳನ್ನೂ ಅವನಿಗೆ ನಾಲ್ಕು ಕಾಫಿ ಬೀಜಗಳನ್ನೂ ಇಟ್ಟು, ಎಸೆಯಲು ಶುರುಮಾಡಿದ್ದರು.

ಮೇಜಿನ ಅಭ್ಯಾಸವಿಲ್ಲದ ಕೈ. ಮೂರನೆಯ ಎಸೆತಕ್ಕೆ ಬೀಜಗಳು ಉರುಳಿ ಕೆಳಗೆ ಬಿದ್ದವು. ಹುಡುಗ ಮೇಜಿನಡಿ ತೂರಿ ನೋಡಿ, “ದೊಡ್ಡಜ್ಜೀ, ನಾಲ್ಕೂ ಕಪ್ಪು! ಆದ್ರೆ ಕೆಳಗೆ ಬಿದ್ದದ್ದು ಲೆಕ್ಕಕ್ಕಿಲ್ಲ,” ಎಂದು ಕೂಗಿದ.

“ಯಾಕಿಲ್ಲ?” ಎಂದರು ಅಮ್ಮ. “ಈ ಆಟ ಇರೋದೇ ನೆಲದ ಮೇಲೆ.”

ಆ ವಾದ ಇನ್ನೂ ತೀರ್ಮಾನವಾಗಿಲ್ಲ.