ಮರೆಯಲ್ಲಿರುವುದನ್ನು ಕಾಣುವ ರಾಡಾರ್

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು ಐವರಿಗೆ ಒಬ್ಬರು ನಡೆದು ಹೋಗುತ್ತಿದ್ದವರು. ಇಂಥ ಅಪಘಾತಗಳ ನಂತರ ಚಾಲಕರಿಂದ ನಾವು ಹೆಚ್ಚಾಗಿ ಕೇಳುವ ಮಾತು, “ಒಮ್ಮಿಂದೊಮ್ಮೆಲೆ ಅಡ್ಡ ಬಂದ್ರು, ಕಾಣಲೇ ಇಲ್ಲ” ಎಂಬುದು. ಅನೇಕ ಸಲ ಅದು ನಿಜವೂ ಆಗಿರುತ್ತದೆ. ನಿಂತ ಬಸ್ಸು, ಹೊಲದ ಅಂಚಿನ ಗೋವಿನಜೋಳ, ಓಣಿಯ ತಿರುವಿನ ಗೋಡೆ, ಇವುಗಳ ಹಿಂದೆ ಏನಿದೆ ಎಂದು ಮನುಷ್ಯನ ಕಣ್ಣಿಗೆ ತಿಳಿಯದು. ಚಾಲಕನಿಲ್ಲದೆ ಓಡುವ ವಾಹನಗಳನ್ನು ರೂಪಿಸುತ್ತಿರುವವರಿಗೂ ಇದೇ ದೊಡ್ಡ ತೊಡಕು. ಅದಕ್ಕೆ ಒಂದು ಉತ್ತರ ರಾಡಾರ್‌ನಲ್ಲಿದೆ.

ಒಂದು ಸೆಕೆಂಡಿನ ಬೆಲೆ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಪಾಯ ಕಂಡು ಚಾಲಕ ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಬೇಕು ಎಂದುಕೊಂಡರೆ ಅಷ್ಟರಲ್ಲಿ 21 ಮೀಟರ್ ಮುಗಿದಿರುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಬ್ರೇಕ್ ಹಿಡಿದು ಪೂರ್ತಿ ನಿಲ್ಲಲು ಇನ್ನೂ 14 ಮೀಟರ್ ಬೇಕು. ಒಟ್ಟು 35 ಮೀಟರ್. ಬಸ್ಸಿನ ಮರೆಯಿಂದ ವಿದ್ಯಾರ್ಥಿಯೊಬ್ಬ 20 ಮೀಟರ್ ಮುಂದೆ ರಸ್ತೆಗೆ ಬಂದರೆ, ಬ್ರೇಕ್ ಹತ್ತುವ ಮೊದಲೇ ಕಾರು ಅವನನ್ನು ಮುಟ್ಟಿರುತ್ತದೆ.

ಯಂತ್ರ ಮನುಷ್ಯನಿಗಿಂತ ಚುರುಕು. ಅದು ಅರ್ಧ ಸೆಕೆಂಡಿನಲ್ಲಿ ಬ್ರೇಕ್ ಹಾಕಿತು ಎನ್ನೋಣ. 7 ಮತ್ತು 14 ಕೂಡಿದರೆ 21 ಮೀಟರ್. ಆಗಲೂ ಒಂದು ಮೀಟರ್ ಸಾಲುವುದಿಲ್ಲ. ಅಂದರೆ ಚುರುಕುತನವೊಂದೇ ಸಾಕಾಗದು, ಮೊದಲೇ ತಿಳಿಯಬೇಕು. ಒಂದು ಸೆಕೆಂಡ್ ಮುಂಚೆ ಸುಳಿವು ಸಿಕ್ಕರೆ 14 ಮೀಟರ್ ಉಳಿಯಿತು, ಜೀವವೂ ಉಳಿಯಿತು.

ರಾಡಾರ್ ಕೆಲಸ ಮಾಡುವ ಬಗೆ

ಇಂಥ ವಾಹನಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಕಣ್ಣುಗಳಿರುತ್ತವೆ: ಕ್ಯಾಮೆರಾ, ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಮತ್ತು ರಾಡಾರ್. ಕ್ಯಾಮೆರಾಗೆ ಬೆಳಕು ಬೇಕು, ಮೊದಲೆರಡಕ್ಕೂ ಎದುರಿಗೆ ತೆರವಾದ ದಾರಿ ಬೇಕು. ದಟ್ಟ ಮಂಜು, ಧೂಳು ಎರಡನ್ನೂ ಮಂಕು ಮಾಡುತ್ತವೆ. ರಾಡಾರ್ ರೇಡಿಯೋ ತರಂಗಗಳನ್ನು ಬಳಸುವುದರಿಂದ ಕತ್ತಲೆ, ಮಂಜು, ಧೂಳುಗಳಲ್ಲಿಯೂ ಕೆಲಸ ಮಾಡುತ್ತದೆ.

ವಾಹನಗಳ ಹೊಸ ರಾಡಾರ್‌ಗಳು 76ರಿಂದ 81 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತವೆ. ಆ ತರಂಗದೂರ ಸುಮಾರು 4 ಮಿಲಿಮೀಟರ್. ತರಂಗ ವಸ್ತುವಿಗೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. 30 ಮೀಟರ್ ದೂರದ ವಸ್ತುವಿನಿಂದ ಪ್ರತಿಧ್ವನಿ ಬರಲು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 0.2 ಭಾಗ ಸಾಕು. ಎದುರಿನ ವಸ್ತು ಚಲಿಸುತ್ತಿದ್ದರೆ ಮರಳಿದ ತರಂಗದ ಆವೃತ್ತಿ ತುಸು ಬದಲಾಗಿರುತ್ತದೆ. ಇದೇ ಡಾಪ್ಲರ್ ಪರಿಣಾಮ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ರಾಡಾರ್ ಕಡೆಗೆ ನಡೆದು ಬರುವವನಿಂದ ಆಗುವ ಬದಲಾವಣೆ ಸುಮಾರು 700 ಹರ್ಟ್ಸ್ ಮಾತ್ರ. ಆದರೂ ರಾಡಾರ್ ಅದನ್ನು ಗುರುತಿಸಬಲ್ಲದು.

ಇನ್ನೊಂದು ಸೂಕ್ಷ್ಮವಿದೆ. ಗದಗ ಸುತ್ತಲಿನ ಗಾಳಿಯಂತ್ರಗಳನ್ನು ನೋಡಿ. ಕಂಬ ನಿಂತಲ್ಲೇ ನಿಂತಿರುತ್ತದೆ, ರೆಕ್ಕೆಗಳು ತಿರುಗುತ್ತಿರುತ್ತವೆ. ಹಾಗೆಯೇ ನಡೆಯುವವನ ದೇಹ ಒಂದು ವೇಗದಲ್ಲಿ, ಕೈಕಾಲುಗಳು ಬೇರೆ ಬೇರೆ ವೇಗಗಳಲ್ಲಿ ಚಲಿಸುತ್ತವೆ. ಸೈಕಲ್ಲಿನ ಗಾಲಿಗಳದ್ದು ಮತ್ತೊಂದು ಲಯ. ಈ ವ್ಯತ್ಯಾಸಗಳಿಂದ ಬರುತ್ತಿರುವುದು ಮನುಷ್ಯನೋ ಸೈಕಲ್ಲೋ ಎಂದು ಊಹಿಸಲು ಸಾಧ್ಯ.

ಗೋಡೆಯೇ ಕನ್ನಡಿ

ಹಾಗಾದರೆ ತಿರುವಿನಾಚೆ ಇರುವುದನ್ನು ಕಾಣುವುದು ಹೇಗೆ? ಇಲ್ಲಿ ರಾಡಾರ್ ಗೋಡೆಯನ್ನು ತೂರಿ ನೋಡುವುದಿಲ್ಲ, ಎದುರು ಬದಿಯ ಗೋಡೆಯನ್ನು ಕನ್ನಡಿಯಾಗಿ ಬಳಸುತ್ತದೆ.

ಒಂದು ಮೇಲ್ಮೈ ಕನ್ನಡಿಯಂತೆ ವರ್ತಿಸಬೇಕಾದರೆ ಅದರ ಉಬ್ಬುತಗ್ಗುಗಳು ತರಂಗದೂರಕ್ಕಿಂತ ಬಹಳ ಚಿಕ್ಕದಾಗಿರಬೇಕು. ಬೆಳಕಿನ ತರಂಗದೂರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹೀಗಾಗಿ ಗಿಲಾವು ಮಾಡಿದ ನುಣುಪಾದ ಗೋಡೆಯೂ ಬೆಳಕಿಗೆ ಒರಟು, ಅದು ಬೆಳಕನ್ನು ಎಲ್ಲ ಕಡೆ ಚದುರಿಸುತ್ತದೆ. 4 ಮಿಲಿಮೀಟರ್ ತರಂಗಕ್ಕೆ ಅದೇ ಗೋಡೆ ಬಹುಮಟ್ಟಿಗೆ ನಯವಾದ ಕನ್ನಡಿ. ನಿಂತ ಲಾರಿಯ ತಗಡು, ಅಂಗಡಿಯ ಶಟರ್ ಇನ್ನೂ ಒಳ್ಳೆಯ ಕನ್ನಡಿಗಳು.

ತರಂಗ ಗೋಡೆಗೆ ತಾಗಿ, ಮರೆಯಲ್ಲಿರುವ ವ್ಯಕ್ತಿಯನ್ನು ಮುಟ್ಟಿ, ಬಂದ ದಾರಿಯಲ್ಲೇ ಮರಳುತ್ತದೆ. ಆದರೆ ರಾಡಾರ್‌ಗೆ ಆ ವ್ಯಕ್ತಿ ಗೋಡೆಯ ಹಿಂದೆ ಇದ್ದಂತೆ ತೋರುತ್ತದೆ. ಇದು ಸಮತಲ ದರ್ಪಣದ ಮಿಥ್ಯ ಪ್ರತಿಬಿಂಬ. ಗೋಡೆ ಎಲ್ಲಿದೆ ಎಂದು ಲೈಡಾರ್‌ನಿಂದ ತಿಳಿದುಕೊಂಡು ಗಣಕವು ಆ ಬಿಂಬವನ್ನು ಈಚೆಗೆ ಮಡಚಿ ನಿಜವಾದ ಜಾಗವನ್ನು ಕಂಡುಹಿಡಿಯುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಫೆಲಿಕ್ಸ್ ಹೈಡೆ ಹಾಗೂ ಅವರೊಂದಿಗೆ ಕೆಲಸ ಮಾಡಿದ ಸಂಶೋಧಕರು 2020ರಲ್ಲಿ ಈ ವಿಧಾನದಿಂದ ತಿರುವಿನಾಚೆಯ ಪಾದಚಾರಿಗಳನ್ನೂ ಸೈಕಲ್ ಸವಾರರನ್ನೂ ನಿಜವಾದ ಬೀದಿಗಳಲ್ಲಿ ಪತ್ತೆ ಮಾಡಿ ತೋರಿಸಿದರು.

ರಸ್ತೆಯೂ ಕನ್ನಡಿಯಾಗಬಲ್ಲದು. ಮುಂದಿನ ವಾಹನದ ಅಡಿಯಿಂದ ತರಂಗವನ್ನು ಹಾಯಿಸಿ ಅದರಾಚೆಯ ವಾಹನವನ್ನು ಗಮನಿಸುವ ವ್ಯವಸ್ಥೆ 2013ರಲ್ಲಿಯೇ ಇನ್ಫಿನಿಟಿ ಕ್ಯೂ50 ಕಾರಿನಲ್ಲಿ ಬಂದಿತ್ತು. ಮುಂದೆ ಲಾರಿ ಅಡ್ಡವಾಗಿದ್ದಾಗ ಅದರಾಚೆ ಒಮ್ಮೆಲೇ ಬ್ರೇಕ್ ಹಾಕಿದವರ ಸುಳಿವು ಇದರಿಂದ ಸಿಗುತ್ತದೆ.

ನಮ್ಮ ನಾಡಿನ ಪಾಲು

ಈ ವಿದ್ಯೆ ನಮ್ಮಿಂದ ದೂರದ್ದಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ಟೆರಾಡಿಯನ್ ಸೆಮಿಕಂಡಕ್ಟರ್ಸ್ ಕಂಪನಿ ದೂರ, ವೇಗ, ಅಡ್ಡ ಕೋನ, ಎತ್ತರ ಈ ನಾಲ್ಕನ್ನೂ ಅಳೆಯುವ ರಾಡಾರ್ ಚಿಪ್‌ಗಳನ್ನು ರೂಪಿಸಿತು. 2022ರಲ್ಲಿ ಜಪಾನಿನ ರೆನೆಸಾಸ್ ಕಂಪನಿ ಅದನ್ನು ಕೊಂಡುಕೊಂಡಿತು. 2021ರಲ್ಲಿ ಮಾರುಕಟ್ಟೆಗೆ ಬಂದ ಮಹೀಂದ್ರಾ ಎಕ್ಸ್‌ಯುವಿ700ರ ಮೇಲ್ದರ್ಜೆಯ ಮಾದರಿಗಳಲ್ಲಿ ರಾಡಾರ್ ಮತ್ತು ಕ್ಯಾಮೆರಾ ಸೇರಿ ತಾವೇ ಬ್ರೇಕ್ ಹಾಕುವ ಸೌಲಭ್ಯವಿದೆ. ಆದರೆ ಗೋಡೆಯನ್ನು ಕನ್ನಡಿ ಮಾಡಿಕೊಂಡು ತಿರುವಿನಾಚೆ ನೋಡುವ ವಿದ್ಯೆಯೇ ಬೇರೆ. ಎದುರಿಗೆ ಕಾಣುವುದಕ್ಕೆ ಬ್ರೇಕ್ ಹಾಕುವ ಸೌಲಭ್ಯವನ್ನು ಅದೆಂದು ತಿಳಿಯಬಾರದು.

ಮಿತಿಗಳು

ದೂರ ಎರಡು ಪಟ್ಟಾದರೆ ಮರಳುವ ಪ್ರತಿಧ್ವನಿಯ ಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಗೋಡೆಗೆ ತಾಗಿ ಸುತ್ತಿ ಬರುವ ತರಂಗ ಇನ್ನೂ ಕ್ಷೀಣ. ಬೆಟಗೇರಿಯ ಹಳೆಯ ಓಣಿಗಳಲ್ಲಿ ಇರುವಂಥ ಒರಟು ಕಲ್ಲಿನ ಗೋಡೆ ರಾಡಾರ್ ತರಂಗವನ್ನೂ ಚದುರಿಸುತ್ತದೆ. ಶಿರಹಟ್ಟಿ ಕಡೆಯ ಬಯಲು ರಸ್ತೆಯಲ್ಲಿ ಕನ್ನಡಿಯಾಗಲು ಗೋಡೆಯೇ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಮರೆಯಲ್ಲಿ ಅಲುಗಾಡದೆ ನಿಂತವರನ್ನು ಗೋಡೆ, ಕಂಬಗಳ ಪ್ರತಿಧ್ವನಿಗಳ ನಡುವೆ ಬೇರ್ಪಡಿಸುವುದು ಕಷ್ಟ. ಚಲನೆ ಇಲ್ಲದಿದ್ದರೆ ಡಾಪ್ಲರ್ ಸುಳಿವೂ ಇಲ್ಲ. ರಸ್ತೆಗೆ ಓಡಲು ಕಾಯುತ್ತಾ ನಿಂತ ಮಗು ಇಂಥದ್ದೇ.

ಈ ಕೊರತೆಗಳನ್ನು ನೀಗಿಸುವ ಕೆಲಸ ಇನ್ನೂ ಬಾಕಿ ಇದೆ. ಅದಕ್ಕೆ ಬೇಕಾದ ಮೊದಲ ಪಾಠಗಳು ಪ್ರತಿಫಲನ, ತರಂಗ, ಸದಿಶ, ಸಂಭವನೀಯತೆ. ಇವೆಲ್ಲ ನಮ್ಮ ಪಿಯುಸಿ ಪುಸ್ತಕಗಳಲ್ಲೇ ಇವೆ. ಅಲ್ಲಿಯವರೆಗೆ ನಮ್ಮ ರಸ್ತೆಗಳಲ್ಲಿ ಓಡಾಡುವ ಬಹುಪಾಲು ವಾಹನಗಳಿಗೆ ಚಾಲಕನ ಎರಡು ಕಣ್ಣುಗಳೇ ಗತಿ. ಆದ್ದರಿಂದ ಬಸ್ಸು ಇಳಿದ ಮೇಲೆ ಅದು ಮುಂದೆ ಹೋಗುವವರೆಗೆ ಕಾಯಿರಿ, ರಸ್ತೆಯ ಎರಡೂ ಬದಿ ನೋಡಿ, ಆಮೇಲೆ ದಾಟಿರಿ. ಕಾಯುವುದು ಅರ್ಧ ನಿಮಿಷವಷ್ಟೇ.