ಮೊಟ್ಟೆಯೊಳಗಣ ಆಜ್ಞೆ

ಕೋಳಿಯ ಮೊಟ್ಟೆ ಮರಿಯಾಗುವುದಕ್ಕೆ 21 ದಿನಗಳು ಸಾಕು. ಕಾವೊಂದನ್ನುಳಿದು ಹೊರಗಿನಿಂದ ಯಾವ ಉಪದೇಶವೂ ಅದಕ್ಕೆ ದೊರೆಯುವುದಿಲ್ಲ. ಆದರೂ ಕಣ್ಣಿರಬೇಕಾದಲ್ಲಿ ಕಣ್ಣು, ಕೊಕ್ಕಿರಬೇಕಾದಲ್ಲಿ ಕೊಕ್ಕು ತಪ್ಪದೆ ಮೂಡುತ್ತವೆ. ಗ್ರೀಸಿನ ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಾವಿನಲ್ಲಿದ್ದ ಮೊಟ್ಟೆಗಳನ್ನು ಪರೀಕ್ಷಿಸಿ, ರಕ್ತಬಿಂದುವಿನಂತೆ ಮಿಡಿಯುವ ಪುಟ್ಟ ಹೃದಯವನ್ನು ವರ್ಣಿಸಿದ್ದನು.

ಭ್ರೂಣದ ಜೀವಕೋಶಗಳೆಲ್ಲವೂ ಒಂದೇ ಬಗೆಯ ವಂಶವಾಹಿಗಳನ್ನು, ಎಂದರೆ ಜೀನ್‌ಗಳನ್ನು, ಪಡೆದಿರುತ್ತವೆ. ಹಾಗಿದ್ದೂ ಒಂದು ಕೋಶ ಗರಿಯಾಗಿ ಮತ್ತೊಂದು ಎಲುಬಾಗುವುದೇಕೆ? ಯಾವ ಜೀನ್ ಎಲ್ಲಿ, ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದರಲ್ಲಿಯೇ ಇದರ ಮರ್ಮ ಅಡಗಿದೆ.

ಮೂರನೆಯ ದಿನದ ಹೊತ್ತಿಗೆ ಭ್ರೂಣದ ಪಕ್ಕದಲ್ಲಿ ರೆಕ್ಕೆ ಸಣ್ಣ ಮೊಗ್ಗಿನಂತೆ ತಲೆದೋರುತ್ತದೆ. ಅಮೆರಿಕದ ಜಾನ್ ಸಾಂಡರ್ಸ್ ಮತ್ತು ಮೇರಿ ಗ್ಯಾಸೆಲಿಂಗ್ ಎಂಬ ವಿಜ್ಞಾನಿಗಳು ಆ ಮೊಗ್ಗಿನ ಹಿಂದಂಚಿನ ಒಂದು ಚೂರನ್ನು ತೆಗೆದು ಮತ್ತೊಂದು ಮೊಗ್ಗಿನ ಮುಂದಂಚಿಗೆ ಕಸಿಮಾಡಿದರು. 1968ರಲ್ಲಿ ಅವರು ಪ್ರಕಟಿಸಿದ ಫಲ ವಿಸ್ಮಯಕರವಾಗಿತ್ತು. ಕೋಳಿಯ ರೆಕ್ಕೆಯಲ್ಲಿ ಮೂರೇ ಬೆರಳುಗಳು. ಕಸಿಗೊಂಡ ರೆಕ್ಕೆಯಲ್ಲಿಯಾದರೋ ಕನ್ನಡಿಯ ಬಿಂಬದಂತೆ ಬೆರಳುಗಳು ಎದುರುಬದುರಾಗಿ ಇಮ್ಮಡಿಯಾಗಿ ಬೆಳೆದಿದ್ದವು! ಅಷ್ಟು ಸಣ್ಣ ಚೂರು ನೆರೆಯ ಕೋಶಗಳಿಗೆಲ್ಲ ಆಜ್ಞೆ ನೀಡಿತ್ತು.

ಆ ಆಜ್ಞೆಯ ಮೂಲ ತಿಳಿದದ್ದು 1993ರಲ್ಲಿ. ಹಾರ್ವರ್ಡಿನ ಕ್ಲಿಫರ್ಡ್ ಟ್ಯಾಬಿನ್ ಮತ್ತು ಸಂಗಡಿಗರು ಮೊಗ್ಗಿನ ಹಿಂದಂಚಿನಲ್ಲಿ ಮಾತ್ರ ಎಚ್ಚರವಾಗಿರುವ ಜೀನೊಂದನ್ನು ಕಂಡರು. ಅದನ್ನು ಮುಂದಂಚಿನಲ್ಲಿ ಎಚ್ಚರಿಸಿದಾಗಲೂ ಬೆರಳುಗಳು ಇಮ್ಮಡಿಸಿದವು. ಮಕ್ಕಳ ವಿಡಿಯೋ ಆಟವೊಂದರ ನಾಯಕನಿಂದ ಎರವಲು ಪಡೆದ ಅದರ ಹೆಸರು ‘ಸೋನಿಕ್ ಹೆಡ್ಜ್‌ಹಾಗ್’.

ಇದೇ ಜೀನ್ ಮನುಷ್ಯಶಿಶುವಿನ ಕೈಯನ್ನೂ ರೂಪಿಸುತ್ತದೆ. ಕೆಲವು ಕುಟುಂಬಗಳಲ್ಲಿ ಹೆಚ್ಚಿನ ಬೆರಳುಳ್ಳ ಮಕ್ಕಳು ಹುಟ್ಟುವುದೇಕೆಂದು ಹುಡುಕಿದವರಿಗೆ 2003ರಲ್ಲಿ ಉತ್ತರ ದೊರೆಯಿತು. ಅಲ್ಲಿ ಜೀನ್ ಸರಿಯಾಗಿಯೇ ಇತ್ತು. ಅದರಿಂದ ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ದೂರದಲ್ಲಿ, ಅದನ್ನು ಎಚ್ಚರಿಸುವ ಭಾಗದಲ್ಲಿ, ಒಂದೇ ಒಂದು ಅಕ್ಷರ ಬದಲಾಗಿತ್ತು!

ಮಗುವಿನ ಅಂಗದಲ್ಲಿ ಕೊರತೆಯೋ ಹೆಚ್ಚಳವೋ ಕಂಡರೆ, ಬಸುರಿಯಲ್ಲಿ ಗ್ರಹಣ ನೋಡಿದಳೆಂದು ತಾಯಿಯನ್ನೇ ದೂರುವ ವಾಡಿಕೆ ನಮ್ಮಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಇಂತಹ ಬೆರಳಿನ ಲೆಕ್ಕವನ್ನು ಬರೆಯುವುದು ಆಕಾಶದ ರಾಹುವಲ್ಲ, ತಾಯಿಯ ನಡತೆಯೂ ಅಲ್ಲ. ಕೋಳಿಯ ಮೊಟ್ಟೆ ಕಲಿಸಿದ ಈ ಪಾಠವನ್ನು ನೆನೆದರೆ, ಎಷ್ಟೋ ತಾಯಂದಿರ ಎದೆಯ ಭಾರ ಇಳಿದೀತು.