ಶಿವಾಜಿನಗರದ ಚಂದ್ರೋದಯ: ಒಂದು ಚಾಂದ್ರಮಾಸದ ಲೆಕ್ಕ

ಬೆಂಗಳೂರು ದಂಡಿನ ಭಾಗವಾದ ಶಿವಾಜಿನಗರದಲ್ಲಿ ಕಾಲಗಣನೆಯ ಹಲವು ಪದ್ಧತಿಗಳು ಒಂದರ ಮಗ್ಗುಲಲ್ಲಿ ಒಂದು ನಡೆದುಬಂದಿವೆ. ಸಂತ ಮೇರಿಯ ಬೆಸಿಲಿಕದ ಉತ್ಸವವು ಪ್ರತಿವರ್ಷವೂ ಸೆಪ್ಟೆಂಬರ್ 8ರಂದೇ ಬರುತ್ತದೆ. ಅದು ಸೂರ್ಯನನ್ನು ಅನುಸರಿಸಿದ ದಿನ. ರಂಜಾನ್ ಮಾಸವಾದರೋ ಬಾಲಚಂದ್ರನ ದರ್ಶನದಿಂದ ಮೊದಲಾಗಿ ಮತ್ತೊಂದು ದರ್ಶನದಿಂದ ಮುಗಿಯುವುದರಿಂದ, ವರ್ಷಕ್ಕೆ ಸುಮಾರು 11 ದಿನಗಳಷ್ಟು ಹಿಂದಕ್ಕೆ ಸರಿಯುತ್ತದೆ. ಸಂಕಷ್ಟ ಚತುರ್ಥಿಯ ವ್ರತವನ್ನು ಕೈಕೊಂಡವರು ಬಹುಳ ಚೌತಿಯ ರಾತ್ರಿ ಚಂದ್ರನು ಮೂಡಿದ ಮೇಲಲ್ಲದೆ ಊಟಮಾಡುವುದಿಲ್ಲ. ಹೀಗೆ ಒಂದು ಮನೆಯವರಿಗೆ ಚಂದ್ರಾಸ್ತದ ವೇಳೆ ಬೇಕು. ನೆರೆಮನೆಯವರಿಗೆ ಚಂದ್ರೋದಯದ ವೇಳೆ ಬೇಕು. ಇಬ್ಬರ ಕೈಯಲ್ಲಿಯೂ ಇರುವ ಕೋಷ್ಟಕವು ಅನೇಕ ವೇಳೆ ಬೇರೊಂದು ಊರಿಗೆ ಗಣಿಸಿದ್ದಾಗಿರುತ್ತದೆ. ಅಂಥ ಕೋಷ್ಟಕವನ್ನು ಇಲ್ಲಿ ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಲೇಖನದ ವಿಚಾರ.

ಕಲೆ ಮತ್ತು ಉದಯ

ಚಂದ್ರನ ಕಲೆಗಳಿಗೆ ಕಾರಣ ಸೂರ್ಯಚಂದ್ರರ ನಡುವಣ ಕೋನಾಂತರ. ಚಂದ್ರನು ನಕ್ಷತ್ರಗಳ ನಡುವೆ ದಿನಕ್ಕೆ ಸರಾಸರಿ 13 ಡಿಗ್ರಿ 10 ಮಿನಿಟುಗಳಷ್ಟು ಪೂರ್ವಕ್ಕೆ ಚಲಿಸುತ್ತಾನೆ. ಸೂರ್ಯನು ಅದೇ ದಿಕ್ಕಿಗೆ ಸುಮಾರು 59 ಮಿನಿಟುಗಳಷ್ಟು ಸರಿಯುವಂತೆ ತೋರುತ್ತಾನೆ. ಎರಡರ ವ್ಯತ್ಯಾಸ 12 ಡಿಗ್ರಿಗಿಂತ ತುಸು ಹೆಚ್ಚು. ಈ ಅಂತರವು 12 ಡಿಗ್ರಿಗಳಷ್ಟು ಬೆಳೆಯುವ ಕಾಲವೇ ಒಂದು ತಿಥಿ. ಅಂತರವು ಪೂರ್ತಿ ಒಂದು ಸುತ್ತು ಬರಲು 29 ದಿನ 12 ಗಂಟೆ 44 ನಿಮಿಷಗಳು ಬೇಕು. ಇಂಥ ಹನ್ನೆರಡು ಮಾಸಗಳು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಇದನ್ನು ಮೇಲೆ ಹೇಳಿದ ಉತ್ಸವದ ದಿನದಿಂದಲೇ ಪರೀಕ್ಷಿಸಬಹುದು. 2024ರ ಸೆಪ್ಟೆಂಬರ್ 8 ಭಾದ್ರಪದ ಶುದ್ಧ ಪಂಚಮಿ. ಅಂದಿನ ಚಂದ್ರನು ಸಂಜೆ ಪಶ್ಚಿಮದಲ್ಲಿ ಕಾಣಿಸಿಕೊಂಡು ನಡುರಾತ್ರಿಗೆ ಬಹಳ ಮುಂಚೆಯೇ ಮುಳುಗಿದನು. 2025ರ ಸೆಪ್ಟೆಂಬರ್ 8 ಹುಣ್ಣಿಮೆಯ ಮಾರನೆಯ ದಿನ. ಅದರ ಹಿಂದಿನ ರಾತ್ರಿ ಸುಮಾರು 11ರಿಂದ 12-22ರವರೆಗೆ ಚಂದ್ರನು ಪೂರ್ಣಗ್ರಹಣದಲ್ಲಿದ್ದನು. ತಾರೀಖು ಅದೇ, ಚಂದ್ರನ ವಯಸ್ಸು ಮಾತ್ರ ಹನ್ನೊಂದು ದಿನ ಮುಂದೆ.

ಹುಣ್ಣಿಮೆ ಅಮಾವಾಸ್ಯೆಗಳು ಸಂಭವಿಸುವ ಕ್ಷಣ ಭೂಮಂಡಲಕ್ಕೆಲ್ಲ ಒಂದೇ. ಆದರೆ ಉದಯಾಸ್ತಗಳು ನೋಡುವವನ ಕ್ಷಿತಿಜವನ್ನು ಅವಲಂಬಿಸಿರುವುದರಿಂದ ಊರೂರಿಗೆ ಬೇರೆ. ಈ ಭೇದವನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಭಾರತೀಯ ಕಾಲಮಾನವು 82½ ಡಿಗ್ರಿ ಪೂರ್ವರೇಖಾಂಶದ್ದು. ಬೆಂಗಳೂರಿನ ರೇಖಾಂಶ 77 ಡಿಗ್ರಿ 36 ಮಿನಿಟು. ಆದಕಾರಣ ಇಲ್ಲಿ ಸರಾಸರಿ ಮಧ್ಯಾಹ್ನವಾಗುವುದು ಗಡಿಯಾರದ 12-20ಕ್ಕೆ. ವರ್ಷದ ಸರಾಸರಿಯನ್ನು ಹಿಡಿದರೆ ಶಿವಾಜಿನಗರದ ಚಂದ್ರನ ದಿನಚರಿ ಹೀಗಿರುತ್ತದೆ:

ಅಮಾವಾಸ್ಯೆ: ಉದಯ ಬೆಳಗ್ಗೆ 6-20, ಅಸ್ತ ಸಂಜೆ 6-20.
ಶುದ್ಧ ಅಷ್ಟಮಿ: ಉದಯ ಮಧ್ಯಾಹ್ನ 12-20, ಅಸ್ತ ನಡುರಾತ್ರಿ 12-20.
ಹುಣ್ಣಿಮೆ: ಉದಯ ಸಂಜೆ 6-20, ಅಸ್ತ ಬೆಳಗ್ಗೆ 6-20.
ಬಹುಳ ಅಷ್ಟಮಿ: ಉದಯ ನಡುರಾತ್ರಿ 12-20, ಅಸ್ತ ಮಧ್ಯಾಹ್ನ 12-20.

ನಿಜವಾದ ವೇಳೆಗಳು ಇವುಗಳಿಂದ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಹಿಂದುಮುಂದಾಗುವುದುಂಟು. ಚಂದ್ರೋದಯವು ದಿನದಿನಕ್ಕೆ ಸರಾಸರಿ 50 ನಿಮಿಷ ತಡವಾಗುವುದರಿಂದ ಒಂದು ಚಾಂದ್ರಮಾಸದಲ್ಲಿ ಸೂರ್ಯೋದಯಗಳಿಗಿಂತ ಚಂದ್ರೋದಯಗಳು ಒಂದು ಕಡಿಮೆ. ಬಹುಳ ಅಷ್ಟಮಿಯ ಸುಮಾರಿನಲ್ಲಿ ಒಂದು ತಾರೀಖಿಗೆ ಚಂದ್ರೋದಯವೇ ಇರುವುದಿಲ್ಲ: 10ರ ರಾತ್ರಿ 11-40ಕ್ಕೆ ಮೂಡಿದವನು ಮತ್ತೆ ಮೂಡುವಾಗ 11ನೆಯ ತಾರೀಖು ಕಳೆದು 12 ಹುಟ್ಟಿರುತ್ತದೆ. ಶುದ್ಧ ಅಷ್ಟಮಿಯ ಸುಮಾರಿನಲ್ಲಿ ಇದೇ ರೀತಿ ಒಂದು ಚಂದ್ರಾಸ್ತ ತಪ್ಪುತ್ತದೆ. ಕೋಷ್ಟಕದಲ್ಲಿ ಆ ಮನೆ ಖಾಲಿ ಇರುವುದನ್ನು ಕಂಡ ವಿದ್ಯಾರ್ಥಿಯು ಅದನ್ನು ಅಚ್ಚಿನ ದೋಷವೆಂದು ಭಾವಿಸಬಾರದು.

ಐವತ್ತು ನಿಮಿಷವೆಂಬುದು ಸರಾಸರಿ ಮಾತ್ರ

ಈ ವಿಳಂಬವು ಎಲ್ಲ ದಿನಗಳಲ್ಲಿಯೂ ಸಮನಾಗಿರುವುದಿಲ್ಲ. ಚಂದ್ರನು ಭೂಮಿಗೆ ಸಮೀಪವಾದಾಗ ವೇಗವಾಗಿಯೂ ದೂರವಾದಾಗ ನಿಧಾನವಾಗಿಯೂ ಚಲಿಸುವುದು ಒಂದು ಕಾರಣ. ಇದಕ್ಕಿಂತ ಮುಖ್ಯವಾದುದು, ಕ್ರಾಂತಿವೃತ್ತವು ಪೂರ್ವಕ್ಷಿತಿಜದೊಡನೆ ಮಾಡುವ ಕೋನ. ಅದು ಕ್ಷಿತಿಜಕ್ಕೆ ವಾಲಿಕೊಂಡಿರುವಾಗ ಚಂದ್ರನು 13 ಡಿಗ್ರಿ ಮುಂದೆ ಸರಿದರೂ ಕ್ಷಿತಿಜದ ಕೆಳಗೆ ಹೆಚ್ಚು ಇಳಿಯುವುದಿಲ್ಲ. ಆದುದರಿಂದ ಮಾರನೆಯ ದಿನ ಬೇಗನೆ ಮೂಡುತ್ತಾನೆ. ಸೆಪ್ಟೆಂಬರ್ ಕೊನೆಯ ಹುಣ್ಣಿಮೆಯಲ್ಲಿ ಹೀಗಾಗುವುದು.

ಇಂಗ್ಲೆಂಡಿನಲ್ಲಿ ಬರೆದ ಪಠ್ಯಪುಸ್ತಕಗಳಲ್ಲಿ ಈ ಹುಣ್ಣಿಮೆಗೆ ಸುಗ್ಗಿಯ ಚಂದ್ರನೆಂಬ ಹೆಸರಿದೆ. ಕೆಲವು ದಿನಗಳ ಕಾಲ ಚಂದ್ರನು ಬಹುಮಟ್ಟಿಗೆ ಒಂದೇ ಹೊತ್ತಿಗೆ ಮೂಡುವನೆಂದು ಅವು ವರ್ಣಿಸುತ್ತವೆ. ನಮ್ಮ ಕಾಲೇಜುಗಳಲ್ಲಿಯೂ ಅದನ್ನೇ ಪಾಠ ಹೇಳುವುದುಂಟು. ಚಂದ್ರನ ಸರಾಸರಿ ವೇಗವನ್ನು ಹಿಡಿದು, ಅವನು ಕ್ರಾಂತಿವೃತ್ತದಲ್ಲಿಯೇ ಇರುವನೆಂದಿಟ್ಟುಕೊಂಡು ಗಣಿಸಿದರೆ, ಆ ಕಾಲದಲ್ಲಿ ಲಂಡನ್ನಿನಲ್ಲಿ ದಿನಕ್ಕೆ ಆಗುವ ವಿಳಂಬ 18 ನಿಮಿಷ. ಬೆಂಗಳೂರಿನಲ್ಲಿ 41 ನಿಮಿಷ. ಮಾರ್ಚ್ ಕೊನೆಯ ಹುಣ್ಣಿಮೆಯಲ್ಲಿ ಲಂಡನ್ನಿಗೆ 74 ನಿಮಿಷ, ಬೆಂಗಳೂರಿಗೆ 51 ನಿಮಿಷ. 13 ಡಿಗ್ರಿ ಅಕ್ಷಾಂಶದಲ್ಲಿರುವ ನಮಗೆ ಕ್ರಾಂತಿವೃತ್ತವು ಎಂದೂ ಕ್ಷಿತಿಜಕ್ಕೆ ತೀರ ಸಮೀಪವಾಗಿ ಬಾಗುವುದಿಲ್ಲ. ಸುಗ್ಗಿಯ ಚಂದ್ರನು ಶಿವಾಜಿನಗರದ ಆಕಾಶದಲ್ಲಿ ಕಣ್ಣಿಗೆ ಬೀಳುವ ಸಂಗತಿಯಲ್ಲ.

ದೇಶಾಂತರ ಮತ್ತು ಚರ

ಒಂದು ಊರಿನ ಉದಯಕಾಲವನ್ನು ಇನ್ನೊಂದಕ್ಕೆ ತರಲು ನಮ್ಮ ಸಿದ್ಧಾಂತಗ್ರಂಥಗಳು ಎರಡು ಸಂಸ್ಕಾರಗಳನ್ನು ಹೇಳುತ್ತವೆ. ರೇಖಾಂಶದಿಂದ ಬರುವುದು ದೇಶಾಂತರ: ಡಿಗ್ರಿಗೆ 4 ನಿಮಿಷ. ಮಂಗಳೂರು ಬೆಂಗಳೂರುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ ಆದುದರಿಂದ, ಇಲ್ಲಿ ಚಂದ್ರನು ಮೂಡಿದ ಸುಮಾರು 11 ನಿಮಿಷಗಳ ಮೇಲೆ ಅಲ್ಲಿ ಮೂಡುವನೆಂದರೆ ಸಾಕು. ಅಕ್ಷಾಂಶದಿಂದ ಬರುವುದು ಚರ. ಅಕ್ಷಾಂಶದ ಟ್ಯಾಂಜೆಂಟನ್ನು, ಚಂದ್ರನು ವಿಷುವದ್ವೃತ್ತದಿಂದ ಎಷ್ಟು ಡಿಗ್ರಿ ದೂರವಿರುವನೋ ಅದರ ಟ್ಯಾಂಜೆಂಟಿನಿಂದ ಗುಣಿಸಿದರೆ ಚರಕೋನದ ಸೈನ್ ದೊರೆಯುತ್ತದೆ. ಉತ್ತರಾರ್ಧ ಗೋಳದಲ್ಲಿ, ಚಂದ್ರನು ವಿಷುವದ್ವೃತ್ತದ ಉತ್ತರಕ್ಕಿದ್ದರೆ ಉದಯವು ಈ ಚರದಷ್ಟು ಬೇಗ. ದಕ್ಷಿಣಕ್ಕಿದ್ದರೆ ಅಷ್ಟೇ ತಡ.

ಇವೆರಡೂ ಸೇರಿದಾಗ ಏನಾಗುವುದೆಂಬುದಕ್ಕೆ ಒಂದು ಉದಾಹರಣೆ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯು ಇಡೀ ದೇಶಕ್ಕೆ 82½ ಡಿಗ್ರಿ ಪೂರ್ವರೇಖಾಂಶ, 23 ಡಿಗ್ರಿ 11 ಮಿನಿಟು ಉತ್ತರ ಅಕ್ಷಾಂಶದ ಒಂದು ಕೇಂದ್ರಸ್ಥಾನವನ್ನು ಗೊತ್ತುಮಾಡಿತು. ಆ ಸ್ಥಾನಕ್ಕೂ ನಮಗೂ ದೇಶಾಂತರ 20 ನಿಮಿಷ. ಚಂದ್ರನು ಉತ್ತರಕ್ಕೆ 23½ ಡಿಗ್ರಿ ಇರುವಾಗ ಅಲ್ಲಿಯ ಚರ 43 ನಿಮಿಷ, ಇಲ್ಲಿಯದು 23. ವ್ಯತ್ಯಾಸ ಮತ್ತೆ 20 ನಿಮಿಷ. ಎರಡೂ ಒಂದೇ ಕಡೆಗೆ ಕೂಡುವುದರಿಂದ ಅಲ್ಲಿ ಚಂದ್ರನು ಮೂಡಿದ 40 ನಿಮಿಷಗಳ ಮೇಲೆ ಇಲ್ಲಿ ಮೂಡುತ್ತಾನೆ. ಚಂದ್ರನು ಅಷ್ಟೇ ದಕ್ಷಿಣಕ್ಕಿದ್ದರೆ ಎರಡೂ ಒಂದನ್ನೊಂದು ಕಳೆದು, ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಉದಯವಾಗುತ್ತದೆ. ಬಹುಳ ಚೌತಿಯ ಚಂದ್ರನು ಉತ್ತರದ ತುದಿಗೆ ಬರುವುದು ನವೆಂಬರಿನಲ್ಲಿ, ದಕ್ಷಿಣದ ತುದಿಗೆ ಹೋಗುವುದು ಮೇ ತಿಂಗಳಿನಲ್ಲಿ. ಅಂದರೆ ಕೇಂದ್ರಸ್ಥಾನದ ವೇಳೆಯನ್ನು ಹಾಗೆಯೇ ಅನುಸರಿಸಿದವನು ಮೇ ತಿಂಗಳ ಸಂಕಷ್ಟಿಯಲ್ಲಿ ಸರಿಯಾಗಿರುತ್ತಾನೆ. ನವೆಂಬರಿನಲ್ಲಿ ಚಂದ್ರನಿಲ್ಲದ ಆಕಾಶಕ್ಕೆ ಅರ್ಘ್ಯವೆತ್ತುತ್ತಾನೆ. ವರ್ಷಕ್ಕೆಲ್ಲ ಒಂದೇ ಅಂಕಿಯನ್ನು ಕೂಡಿಸಿ ತಿದ್ದಲು ಸಾಧ್ಯವಿಲ್ಲವೆಂಬುದು ಇದರಿಂದ ಸ್ಪಷ್ಟ.

ಸೂರ್ಯೋದಯದ ನಿಯಮವನ್ನೂ ಚಂದ್ರನಿಗೆ ಹಚ್ಚಬಾರದು. ವಾಯುಮಂಡಲದ ವಕ್ರೀಭವನವು ಬಿಂಬವನ್ನು ಸುಮಾರು 34 ಮಿನಿಟುಗಳಷ್ಟು ಎತ್ತಿ ತೋರಿಸುತ್ತದೆ. ಆದರೆ ಸಮೀಪದಲ್ಲಿರುವ ಚಂದ್ರನ ಲಂಬನವು ಅವನನ್ನು ಸುಮಾರು 57 ಮಿನಿಟುಗಳಷ್ಟು ತಗ್ಗಿಸುತ್ತದೆ.

ಬಾಲಚಂದ್ರ

ರಂಜಾನ್ ಮಾಸದ 29ನೆಯ ಸಂಜೆ ಕೇಳುವ ಪ್ರಶ್ನೆ ಅಸ್ತದ್ದು: ಸೂರ್ಯನು ಮುಳುಗಿದ ಮೇಲೆ ಚಂದ್ರನು ಎಷ್ಟು ಹೊತ್ತು ಉಳಿಯುತ್ತಾನೆ? ಕೋನಾಂತರವು ಗಂಟೆಗೆ ಸುಮಾರು ಅರ್ಧ ಡಿಗ್ರಿ ಬೆಳೆಯುತ್ತದೆ. ಅದು ಸುಮಾರು 7 ಡಿಗ್ರಿಗಿಂತ ಕಡಿಮೆಯಿದ್ದರೆ ಕಲೆಯು ಕಾಣುವುದೇ ಇಲ್ಲವೆಂದು ಫ್ರಾನ್ಸಿನ ಖಗೋಳವಿಜ್ಞಾನಿ ದಾಂಜೋ ತೋರಿಸಿದನು. 12 ಡಿಗ್ರಿಯಾದಾಗ ಬೆಂಗಳೂರಿನಲ್ಲಿ ಚಂದ್ರನು ಸೂರ್ಯಾಸ್ತದ ತರುವಾಯ ಮಾರ್ಚಿಯಲ್ಲಿ ಸುಮಾರು 48 ನಿಮಿಷ, ಸೆಪ್ಟೆಂಬರಿನಲ್ಲಿ ಸುಮಾರು 40 ನಿಮಿಷ ನಿಲ್ಲುತ್ತಾನೆ. ಮೆಕ್ಕಾ ನಗರದಲ್ಲಿ ಸಂಜೆಯಾಗುವುದು ನಮಗಿಂತ ಸುಮಾರು 2½ ಗಂಟೆ ತಡವಾಗಿ. ಅಷ್ಟರಲ್ಲಿ ಅಂತರವು ಇನ್ನೂ 1 ಡಿಗ್ರಿಗಿಂತ ಹೆಚ್ಚು ಬೆಳೆದಿರುತ್ತದೆ. ಇಲ್ಲಿ ಕಾಣದ ಕಲೆಯು ಅದೇ ಸಂಜೆ ಅಲ್ಲಿ ಕಂಡರೆ ಅದರಲ್ಲಿ ವಿರೋಧವೇನೂ ಇಲ್ಲ. ದರ್ಶನವು ಸಾಧ್ಯವೋ ಅಸಾಧ್ಯವೋ ಎಂಬುದನ್ನು ಗಣಿತ ಹೇಳಬಲ್ಲದು. ಹಬ್ಬವನ್ನು ಸಾರುವುದು ಧಾರ್ಮಿಕ ಹಿರಿಯರ ಕೆಲಸ.

ಅಧ್ಯಾಪಕರು ಈ ವಿಷಯವನ್ನು ಕಪ್ಪುಹಲಗೆಯ ಮೇಲಷ್ಟೇ ಬಿಡದೆ, ವಿದ್ಯಾರ್ಥಿಗಳಿಂದ ಹುಣ್ಣಿಮೆಯ ಮೇಲಣ ಐದು ರಾತ್ರಿ ಚಂದ್ರನು ಗೊತ್ತಾದ ಒಂದು ಮಾಳಿಗೆಯ ಅಂಚನ್ನು ದಾಟುವ ವೇಳೆಯನ್ನು ಗುರುತಿಸಿಡಿಸಬೇಕು. ಸುತ್ತಲಿನ ಕಟ್ಟಡಗಳು ಉದಯವನ್ನು ಮರೆಸಿದರೂ ದಿನದಿನದ ವಿಳಂಬವನ್ನು ಹೆಚ್ಚಾಗಿ ಕೆಡಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಒಮ್ಮೆ, ಮಾರ್ಚಿಯಲ್ಲಿ ಒಮ್ಮೆ ಹೀಗೆ ಮಾಡಿದರೆ ಮೇಲಿನ 41 ಮತ್ತು 51ರ ಅಂತರವು ತಮ್ಮ ಊರಿನ ಆಕಾಶದಲ್ಲಿಯೇ ಅವರಿಗೆ ಗೋಚರವಾಗುವುದು.